ಸಿ-ಪ್ಯಾಪ್ ಹಾಕಿ ಏಳು ವಾರ, ಎಎಚ್‌ಐ 11ರಿಂದ ಇಳೀತಿಲ್ಲ. ಅನುಭವ ಇರೋರು ಹೇಳಿ

ಅರೆನಿದ್ದೆ, ತುಮಕೂರು:
ನಿದ್ದೇಲಿ ಗಂಟಲು ಮುಚ್ಚಿ ಉಸಿರು ಕಟ್ಟದಿರಲಿ ಅಂತ ಮಾಸ್ಕಿನಿಂದ ಗಾಳಿ ಒತ್ತೋ ಮಷೀನ್ ಈ ಸಿ-ಪ್ಯಾಪ್. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತೆ ಇಲ್ಲಾ ಕುಗ್ಗುತ್ತೆ ಅನ್ನೋ ಲೆಕ್ಕ ಎಎಚ್‌ಐ. ಸ್ಲೀಪ್ ಸ್ಟಡಿಯಲ್ಲಿ ಅದು 38 ಇತ್ತು, ಈಗ 11. ಆಟೋ ಮಷೀನ್, ಒತ್ತಡ ತಾನೇ ಏರಿಸಿ ಇಳಿಸುತ್ತೆ. ಒತ್ತಡ ಕನಿಷ್ಠ 4, ಗರಿಷ್ಠ 20, ಅಂಗಡಿಯಿಂದ ಹೇಗೆ ಬಂತೋ ಹಾಗೇ ಇದೆ. ಮೂಗು ಬಾಯಿ ಎರಡೂ ಮುಚ್ಚೋ ಮಾಸ್ಕ್. ರಾತ್ರಿಯ ಲೆಕ್ಕ ಇರೋ ಎಸ್‌ಡಿ ಕಾರ್ಡ್ ಮಷೀನಿನಿಂದ ತೆಗೆದು, ಅದನ್ನ ಗ್ರಾಫ್ ಮಾಡಿ ತೋರಿಸೋ ಆಸ್ಕರ್ ಸಾಫ್ಟ್‌ವೇರಿಗೆ ಹಾಕಿದೆ: 95% ಹೊತ್ತು ಒತ್ತಡ 12.4ರ ಒಳಗೆ, ಲೀಕ್ (ಗಾಳಿ ಸೋರಿಕೆ) ನಿಮಿಷಕ್ಕೆ 38 ಲೀಟರಿನ ಒಳಗೆ. ಕನಿಷ್ಠ ಒತ್ತಡ ಏರಿಸಬೇಕಾ, ಮಾಸ್ಕ್ ಬದಲಿಸಬೇಕಾ?

ಉಣಕಲ್ ಗಾಳಿ, ಹುಬ್ಬಳ್ಳಿ:
ಮಾಸ್ಕಿನ ಸುದ್ದಿ ನನ್ನ ಕೇಳ್ರಿ. ಮೊದಲನೇದು ಮಷೀನ್ ಜೋಡಿ ಬಂತು, ಮೂಗಿನ ಮ್ಯಾಲೆ ಗಾಯ. ಎರಡನೇದು 6,800, ಮೂಗಿನ ಹೊಳ್ಳಿಗೆ ಇಡೋದು. ಬಾಯಿ ತೆರದು ಮಲಗೋ ಚಟಾ ನಂದು, ಗಾಳಿ ಎಲ್ಲಾ ಬಾಯಾಗಿಂದ ಹೊರಗ. ಮುಂಜಾನೆ ನಾಲಿಗಿ ಕಟಕರೊಟ್ಟಿ. ಮೂರನೇದು 9,200. ಪಾಕೀಟ ಒಡದ ಮ್ಯಾಲೆ ವಾಪಸ್ ತಗೋಳಂಗಿಲ್ಲ ಅಂದ ಅಂಗಡ್ಯಾಂವ. ಬಿಲ್ ಇನ್ನೂ ಇಟ್ಟೀನಿ, ಸಿಟ್ಟು ಬರಬೇಕಂದಾಗ ತಗದು ನೋಡ್ತೀನಿ. ಕಡೀಕ ನಾನಽ ಒಳಗಿನ ಮೆನು ತಗದು ಕನಿಷ್ಠ 4 ಇದ್ದದ್ದು 8 ಮಾಡಿದೆ. 4ರಾಗ ಉಸಿರು ಕಟ್ಟಿದಂಗ ಆಗ್ತಿತ್ತು, ಮಷೀನ್ ಏರಿ ಬರೋದ್ರಾಗ ಗಂಟಲು ಮುಚ್ಚಿ ಆಗಿರ್ತಿತ್ತು. ಎಎಚ್‌ಐ 9 ಇದ್ದದ್ದು ಈಗ 2.6. ಯಾರನ್ನೂ ಕೇಳಬ್ಯಾಡ್ರಿ, ಏರಸ್ರಿ.

ಕುಕ್ಕರಹಳ್ಳಿ ವಾಕರ್, ಮೈಸೂರು:
ಇವರ ಮಾತು ಕೇಳಿ ಏರಿಸೋಕೆ ಹೊರಟೋರು ನನ್ನ ಕಥೆ ಓದಿ. ನಾನೂ ಅತಿ ಬುದ್ಧಿ ಉಪಯೋಗಿಸಿ ಒಂದೇ ರಾತ್ರಿ 7ರಿಂದ 11ಕ್ಕೆ ಹೋದೆ, ಇಪಿಆರ್ (ಉಸಿರು ಬಿಡುವಾಗ ಒತ್ತಡ ಇಳಿಸೋ ಸೆಟ್ಟಿಂಗ್) 3. ಗೊರಕೆ ನಿಂತು ಮನೆಯವಳಿಗೆ ಖುಷಿ. ಎಎಚ್‌ಐ ಮಾತ್ರ 6 ಇದ್ದದ್ದು 17! ಕಾರ್ಡ್ ನೋಡಿದರೆ ಬಹುಪಾಲು ‘ಕ್ಲಿಯರ್ ಏರ್‌ವೇ’. ಅಂದ್ರೆ ದಾರಿ ತೆರೆದೇ ಇದೆ, ಉಸಿರಾಡು ಅಂತ ಮೆದುಳೇ ಹೇಳ್ತಿಲ್ಲ. ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋದರೆ ಹೀಗಾಗುತ್ತೆ, ಅದಕ್ಕೆ ಒತ್ತಡ ಏರಿಸೋದು ಮದ್ದಲ್ಲ. ಬೆಳಿಗ್ಗೆ ಹೊಟ್ಟೆ ಬೇರೆ ತಮಟೆ. ಡಾಕ್ಟರ್ ಹತ್ರ ಉಗಿಸಿಕೊಂಡು, 8ಕ್ಕೆ ಇಳಿಸಿ, ಇಪಿಆರ್ 1 ಮಾಡಿ ಐದು ವಾರ ಕಾದೆ. ಒಟ್ಟು ಎಎಚ್‌ಐ ಹಿಡಿದು ಮೆರೆಯೋರು ಅದರೊಳಗೆ ಯಾವುದು ಎಷ್ಟು ಅಂತ ಮೊದಲು ಬಿಡಿಸಿ ನೋಡಲಿ.

ಉಣಕಲ್ ಗಾಳಿ:
ನಾ ಏನ್ ಮೆರದೀನ್ರಿ? ಒಂದಽ ರಾತ್ರ್ಯಾಗ ನಾಕು ಏರಿಸಿದ್ದು ನೀವು. ನಾ ವಾರಕ್ಕ ಅರ್ಧ ಅರ್ಧ ಏರಿಸೀನಿ, ಎಂಟು ವಾರ ಹಿಡೀತು. ನಿಮ್ಮ ಡಾಕ್ಟರ್ ಕಾರ್ಡ್ ನೋಡ್ತಾರ, ಪುಣ್ಯಾ ಮಾಡೀರಿ. ನಮ್ಮವರು 800 ರೂಪಾಯಿ ತಗೊಂಡು, ಮಷೀನಿನ ಪರದೆ ಮ್ಯಾಲಿನ ನಗೋ ಮುಖ ನೋಡಿ ‘ಛಲೋ ಐತಿ’ ಅಂದ್ರು.

ಕುಕ್ಕರಹಳ್ಳಿ ವಾಕರ್:
ಎಂಟು ವಾರದ ವಿಷಯ ಮೊದಲೇ ಬರೆದಿದ್ರಾ? ‘ಯಾರನ್ನೂ ಕೇಳಬ್ಯಾಡ್ರಿ’ ಅಂತ ಬರೆದಿರಿ. ಹಾರ್ಟ್ ತೊಂದರೆ ಇರೋರು ಓದಿ ಹಾಗೇ ಮಾಡಿದ್ರೆ ನೀವು ಬರ್ತೀರಾ ಆಸ್ಪತ್ರೆಗೆ?

ಕದ್ರಿ ಅಕ್ಕ, ಮಂಗಳೂರು:
ಗಲಾಟೆ ಸಾಕು ಮಾರಾಯ್ರೆ. ಮಷೀನ್ ನಮ್ಮ ಯಜಮಾನರದ್ದು, ಲೆಕ್ಕ ಬರೆಯುವುದು ನಾನು. ಅವರ ಎಎಚ್‌ಐಯೂ 10–12ರಲ್ಲೇ ಕೂತಿತ್ತು. ರಾತ್ರಿಯ ಗ್ರಾಫ್ ದೊಡ್ಡದು ಮಾಡಿ ನೋಡಿದರೆ ಲೀಕಿನ ಗೆರೆ ಮೂರೂವರೆಗೆ ಗೋಡೆಯ ಹಾಗೆ ಏಳುತ್ತದೆ, ಐದಕ್ಕೆ ಬೀಳುತ್ತದೆ. ದಿನಾ ಹಾಗೆಯೇ. ಒಂದು ದಿನ ಅಲಾರಂ ಇಟ್ಟು ಎದ್ದು ಕೂತೆ. ಇವರು ಎಡಕ್ಕೆ ಹೊರಳಿದರು, ದಿಂಬಿನ ಅಂಚು ಮಾಸ್ಕನ್ನು ದೂಡಿತು, ಮೀಸೆಯ ಸಂದಿನಿಂದ ಸುಂಯ್ ಅಂತ ಗಾಳಿ. ನಮ್ಮ ಮಷೀನಿನಲ್ಲಿ 24 ಲೀಟರ್ ದಾಟಿದರೆ ಕೆಂಪು. ಅಷ್ಟು ಸೋರುವಾಗ ಅದರ ಎಎಚ್‌ಐಯನ್ನೂ ನಂಬಲಿಕ್ಕಿಲ್ಲ. ಮಾಸ್ಕಿನ ಹೊಸ ಕುಶನ್ 2,400, ಅಂಚು ತಗ್ಗಿದ ದಿಂಬು 1,150. ಪಟ್ಟಿಯನ್ನು ಕೂತು ಬಿಗಿದರೆ ಪ್ರಯೋಜನ ಇಲ್ಲ, ಮಲಗಿ ಗಾಳಿ ಬಿಟ್ಟುಕೊಂಡೇ ಸರಿ ಮಾಡಬೇಕು. ಮತ್ತೆ, ಎಚ್ಚರ ಇದ್ದು ಹೊರಳಾಡುವಾಗ ಉಸಿರು ಹಿಡಿದರೂ ಮಷೀನ್ ಅದನ್ನು ಎಣಿಸುತ್ತದೆ. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರಿಗೆ ನಾವು ಬ್ಯಾಟರಿ ಅಂಗಡಿಯ ಲವಣ ತೆಗೆದ ನೀರು ಹಾಕುವುದು.

ಮಾಜಿ ಲೈನ್‌ಮ್ಯಾನ್, ದಾವಣಗೆರೆ:
ಬ್ಯಾಟರಿ ನೀರು ಉಸಿರಾಡ್ತಾರಾ ಯಾರಾದ್ರೂ! ನಾನು ಬೋರ್ ನೀರು ಕುದಿಸಿ ಆರಿಸಿ ಹಾಕ್ತಿದ್ದೆ.

ಕದ್ರಿ ಅಕ್ಕ:
ಹಾಕಿ ಏನಾಯಿತು, ಅದನ್ನೂ ಹೇಳಿ.

ಮಾಜಿ ಲೈನ್‌ಮ್ಯಾನ್:
ಆರು ತಿಂಗಳಿಗೆ ಡಬ್ಬಿ ತಳ ಸುಣ್ಣ ಬಳಿದಂಗಾಯ್ತು. ಹೊಸ ಡಬ್ಬಿ 3,100. ಅದು ಬೇರೆ ಮಾತು. ಕರೆಂಟ್ ಹೋದಾಗ ಹ್ಯುಮಿಡಿಫೈಯರಿನ ಬಿಸಿ ಆಫ್ ಮಾಡಿದ್ರೆ ಇನ್ವರ್ಟರ್ ಬೆಳತನಕ ಎಳೆಯುತ್ತೆ, ಅದನ್ನ ಯಾರೂ ಹೇಳಲಿಲ್ಲ ನೋಡಿ.

ಅರೆನಿದ್ದೆ:
ಹಾಗಾದ್ರೆ ನನ್ನ 38 ಲೀಟರ್ ಲೀಕ್...?

ಉಣಕಲ್ ಗಾಳಿ:
ಮೀಸಿ ಐತೇನ್ರಿ ನಿಮಗ?

ಕದ್ರಿ ಅಕ್ಕ:
ನಮ್ಮವರು ಮೀಸೆ ತೆಗೆಯಲಿಲ್ಲ, ಮೊದಲೇ ಹೇಳಿಬಿಡ್ತೇನೆ.

ಉಣಕಲ್ ಗಾಳಿ:
ನಾ ತಗದೀನಿ. ಮೂವತ್ತೊಂದು ವರ್ಷದ ಮೀಸಿ. ಲೀಕ್ ಎರಡು ಲೀಟರ್ ಕಮ್ಮಿ ಆತು. ಮೊಮ್ಮಗಳು ಒಂದು ವಾರ ಹತ್ರ ಬರಲಿಲ್ಲ.