ಪಂಪ್ ಮಾಡಿ ಚೆಲ್ಲಿದರೆ ಸಾಕಾ? ಹಾಲೂಡಿಸುವ ತಾಯಂದಿರ ಪ್ರಶ್ನೋತ್ತರ

ಪ್ರಶ್ನೆ (ಜಯನಗರದ ಸದಸ್ಯೆ): ಮೇಡಂ, ಮಗಳಿಗೆ ನಾಲ್ಕು ತಿಂಗಳು, ಎದೆಹಾಲು ಮಾತ್ರ. ಶನಿವಾರ ಚರ್ಚ್ ಸ್ಟ್ರೀಟಲ್ಲಿ ಆಫೀಸಿನವರ ಪಾರ್ಟಿ ಇದೆ. ಎರಡು ಗ್ಲಾಸ್ ವೈನ್ ಕುಡಿದು, ಮನೆಗೆ ಬಂದು ಪಂಪ್ ಮಾಡಿ ಆ ಹಾಲು ಚೆಲ್ಲಿದರೆ ಆಮೇಲೆ ಕುಡಿಸಬಹುದಾ?

ಉತ್ತರ (ಹಾಲೂಡಿಕೆ ಸಲಹೆಗಾರ್ತಿ): ಚೆಲ್ಲುವುದರಿಂದ ಏನೂ ಆಗಲ್ಲಮ್ಮ. ಮದ್ಯದ ಅಂಶ ರಕ್ತದಿಂದ ಹಾಲಿಗೆ ಹೋಗುತ್ತೆ, ರಕ್ತದಲ್ಲಿ ಕಡಿಮೆಯಾದಂತೆ ಹಾಲಿನಿಂದ ವಾಪಸ್ಸೂ ಬರುತ್ತೆ. ರಕ್ತದಲ್ಲಿ ಇರುವವರೆಗೆ ನೀವು ಎಷ್ಟು ಚೆಲ್ಲಿದರೂ ಹೊಸದಾಗಿ ಬರುವ ಹಾಲಲ್ಲೂ ಅಷ್ಟೇ ಇರುತ್ತೆ. ರಕ್ತದಿಂದ ಇಳಿದ ಮೇಲೆ ಎದೆಯಲ್ಲಿ ಉಳಿದಿದ್ದ ಹಾಲನ್ನೇ ಕುಡಿಸಬಹುದು. ಕೆಲಸ ಮಾಡೋದು ಗಡಿಯಾರ, ಪಂಪ್ ಅಲ್ಲ.

ಖಾಲಿ ಹೊಟ್ಟೆಯಲ್ಲಿ ಕುಡಿದರೆ 30ರಿಂದ 60 ನಿಮಿಷಕ್ಕೆ, ಊಟದ ಜೊತೆಗಾದರೆ 60ರಿಂದ 90 ನಿಮಿಷಕ್ಕೆ ಹಾಲಿನಲ್ಲಿ ಮದ್ಯದ ಪ್ರಮಾಣ ಅತಿ ಹೆಚ್ಚು. ಸುಮಾರು 55 ಕೆ.ಜಿ. ತೂಕದ ಹೆಂಗಸಿನ ಮೈಯಿಂದ 10 ಗ್ರಾಂ ಮದ್ಯಸಾರ ಪೂರ್ತಿ ಇಳಿಯೋಕೆ ಎರಡರಿಂದ ಎರಡೂವರೆ ಗಂಟೆ ಬೇಕು. 30 ಎಂ.ಎಲ್. ವಿಸ್ಕಿ ಅಥವಾ ಬ್ರಾಂದಿಯಲ್ಲಿ ಇರೋದು ಅಷ್ಟೇ, 10 ಗ್ರಾಂ. 90 ಎಂ.ಎಲ್. ಟೆಟ್ರಾ ಪ್ಯಾಕ್ ಅಂದರೆ 30 ಗ್ರಾಂ. 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಹತ್ತಿರ ಹತ್ತಿರ 40 ಗ್ರಾಂ, ಅಂದರೆ ಎಂಟೊಂಬತ್ತು ಗಂಟೆ. 'ಒಂದೇ ಬಿಯರ್' ಅಂತ ಲೆಕ್ಕ ಹಾಕಿ ಬಹಳ ಜನ ಮೋಸ ಹೋಗೋದು ಇಲ್ಲೇ.

ನಿಮ್ಮ ಎರಡು ಗ್ಲಾಸ್ ವೈನ್, ತಲಾ 150 ಎಂ.ಎಲ್. ಆದರೆ, ಸುಮಾರು 30 ಗ್ರಾಂ. ಕೊನೆಯ ಗುಟುಕು ರಾತ್ರಿ ಒಂಬತ್ತಕ್ಕೆ ಮುಗಿದರೂ ಬೆಳಗಿನ ಜಾವ ನಾಲ್ಕರವರೆಗೆ ಎದೆ ಕೊಡಬೇಡಿ. ಒಂದೇ ಗ್ಲಾಸಿಗೆ ನಿಲ್ಲಿಸಿ, ಊಟ ಮಾಡಿ, ಮೂರೂವರೆ ಗಂಟೆ ಬಿಡೋದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಹೊರಡುವ ಮುಂಚೆ ಒಮ್ಮೆ ಕುಡಿಸಿ. ಒಂದೆರಡು ದಿನ ಮೊದಲೇ ಹಾಲು ಹಿಂಡಿ ಫ್ರಿಜ್‌ನಲ್ಲಿಡಿ, ನಾಲ್ಕು ದಿನ ಇರುತ್ತೆ. ಹೊರಗಿಟ್ಟರೆ ನಾಲ್ಕು ಗಂಟೆಯೊಳಗೆ ಕುಡಿಸಿ ಮುಗಿಸಬೇಕು. ಮಧ್ಯೆ ಎದೆ ಬಿಗಿದು ನೋವಾದರೆ ಆರಾಮಾಗುವಷ್ಟು ಹಿಂಡಿ ಚೆಲ್ಲಿ. ಚೆಲ್ಲುವುದರ ಉಪಯೋಗ ಅಷ್ಟೇ.

ಇದಕ್ಕಿಂತ ನನಗೆ ಹೆಚ್ಚು ಭಯ ಇರೋದು ಮಲಗುವ ವಿಷಯದಲ್ಲಿ. ನಮ್ಮ ಮನೆಗಳಲ್ಲಿ ಮಗು ತಾಯಿ ಪಕ್ಕದಲ್ಲೇ ಮಲಗುತ್ತೆ. ಕುಡಿದ ರಾತ್ರಿ ಆ ಪದ್ಧತಿ ಬೇಡವೇ ಬೇಡ. ನಿದ್ದೆ ಗಾಢವಾಗಿ, ಮಗುವಿನ ಮುಖದ ಮೇಲೆ ಕೈಯೋ ಹೊದಿಕೆಯೋ ಬಿದ್ದರೂ ಗೊತ್ತಾಗಲ್ಲ, ಉಸಿರು ಕಟ್ಟುತ್ತೆ. ಕುಡಿದ ಅಪ್ಪನಿಗೂ ಇದೇ ಮಾತು. ಮಗು ತೊಟ್ಟಿಲಲ್ಲಿರಲಿ, ಕುಡಿಯದ ಒಬ್ಬರು ಎಚ್ಚರದಿಂದ ನೋಡಿಕೊಳ್ಳಲಿ.

ಪ್ರಶ್ನೆ (ಬಸವನಗುಡಿಯ ಸದಸ್ಯೆ): ನಮ್ಮತ್ತೆ ದಿನಾ ಎರಡು ಹೊತ್ತು ದಶಮೂಲಾರಿಷ್ಟ ಕೊಡ್ತಾರೆ. ಬಾಟಲಿ ಮೇಲೆ ಆಲ್ಕೋಹಾಲ್ ಅಂತ ಬರೆದಿದೆ. ಅಜ್ಜಿ ಅಂತೂ, 'ಬಾಣಂತಿಗೆ ಒಂದು ಚಮಚ ಬ್ರಾಂದಿ ಕೊಟ್ಟರೆ ಮೈ ಬೆಚ್ಚಗಿರುತ್ತೆ, ಹಾಲೂ ಬರುತ್ತೆ' ಅಂತಾರೆ.

ಉತ್ತರ: ಅರಿಷ್ಟ, ಆಸವ ಎಲ್ಲಾ ಹುದುಗಿ ಬರುವ ಔಷಧಿಗಳು. ಅವುಗಳಲ್ಲಿ ಮದ್ಯಸಾರ ತಾನಾಗೇ ಹುಟ್ಟುತ್ತೆ, ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟು. 20 ಎಂ.ಎಲ್. ಅರಿಷ್ಟದಲ್ಲಿ ಒಂದರಿಂದ ಒಂದೂವರೆ ಗ್ರಾಂ. ವೈದ್ಯರು ಹೇಳಿದ್ದರೆ ಅಳತೆ ಮುಚ್ಚಳದಲ್ಲೇ ಅಳೆದು, ಅಷ್ಟೇ ನೀರು ಬೆರೆಸಿ, ಮಗು ಹಾಲು ಕುಡಿದ ತಕ್ಷಣ ತಗೊಳ್ಳಿ. ಮುಂದಿನ ಸಲ ಕುಡಿಸುವ ಹೊತ್ತಿಗೆ ಬಹುತೇಕ ಇಳಿದಿರುತ್ತೆ. ಸ್ಟೀಲ್ ಲೋಟದಲ್ಲಿ ಅಂದಾಜಿಗೆ ಸುರಿದುಕೊಂಡರೆ ಲೆಕ್ಕ ತಪ್ಪುತ್ತೆ. ಮಗು ತಿಂಗಳು ತುಂಬದೆ ಹುಟ್ಟಿದ್ದರೆ ಮಕ್ಕಳ ಡಾಕ್ಟರನ್ನು ಕೇಳದೆ ಬೇಡ.

ಬ್ರಾಂದಿ ವಿಷಯದಲ್ಲಿ ಅಜ್ಜಿಗೆ ಪ್ರೀತಿಯಿಂದಲೇ 'ಬೇಡ' ಅನ್ನಿ. ಹಾಲು ಇಳಿಸುವ ಹಾರ್ಮೋನನ್ನು ಮದ್ಯ ತಡೆಯುತ್ತೆ. ತಾಯಿ ಕುಡಿದ ಮೇಲಿನ ಮೂರು ನಾಲ್ಕು ಗಂಟೆಯಲ್ಲಿ ಮಕ್ಕಳು ಸುಮಾರು ಶೇಕಡಾ 20ರಷ್ಟು ಕಡಿಮೆ ಹಾಲು ಕುಡಿದದ್ದು ಅಳೆದು ನೋಡಿದಾಗ ಕಂಡಿದೆ. ಎದೆ ತುಂಬಿದಂತೆ ಅನಿಸೋದು ಹಾಲು ಇಳಿಯದೆ ಅಲ್ಲೇ ನಿಂತಿರೋದಕ್ಕೆ. ಶೀತ ಆದಾಗ ಮಗುವಿನ ನಾಲಿಗೆಗೆ ಬ್ರಾಂದಿ ಸವರೋದು ಇನ್ನೂ ಕೆಟ್ಟದ್ದು. ಎಳೆ ಮಕ್ಕಳಲ್ಲಿ ರಕ್ತದ ಸಕ್ಕರೆ ಇಳಿದು ಫಿಟ್ಸ್ ಬರಬಹುದು.

ಪ್ರಶ್ನೆ (ಯಲಹಂಕದ ಸದಸ್ಯೆ): ಕೆಮ್ಮು, ನೆಗಡಿ ಜೋರಾಗಿದೆ. ಮೆಡಿಕಲ್ ಸ್ಟೋರಲ್ಲಿ ಕೊಟ್ಟ ಸಿರಪ್ ತಗೊಳ್ಳಲಾ?

ಉತ್ತರ: ಮೊದಲು ಬಾಟಲಿ ಮೇಲಿನ ಅಂಶಗಳನ್ನು ಓದಿ. ಕೋಡೀನ್ ಇದ್ದರೆ ವಾಪಸ್ ಕೊಡಿ. ಕೋಡೀನನ್ನು ಪಿತ್ತಜನಕಾಂಗ ಮಾರ್ಫೀನ್ ಮಾಡುತ್ತೆ, ಕೆಲವರ ಮೈಯಲ್ಲಿ ಇದು ಬಹಳ ಬೇಗ ಆಗಿ ಹಾಲಿಗೆ ಹೆಚ್ಚು ಇಳಿಯುತ್ತೆ. ನೋವಿಗೆ ಕೊಡುವ ಟ್ರಮಡಾಲ್ ಕೂಡ ಇದೇ ಕಾರಣಕ್ಕೆ ಬೇಡ. ಈಗಾಗಲೇ ತಗೊಂಡಿದ್ದರೆ ಮಗುವನ್ನು ನೋಡ್ತಾ ಇರಿ: ಎಬ್ಬಿಸಿದರೂ ಏಳದಿದ್ದರೆ, ಚೀಪೋಕೆ ಶಕ್ತಿ ಇಲ್ಲದಿದ್ದರೆ, ಮೈ ಜೋತುಬಿದ್ದರೆ, ಉಸಿರು ನಿಧಾನವಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ ಮಗುವಿಗಿಂತ ಹಾಲಿಗೆ ಶತ್ರು, ಒಂದೇ ದಿನದಲ್ಲಿ ಹಾಲು ಕಡಿಮೆಯಾಗುತ್ತೆ. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್, ಮೂಗಿಗೆ ಉಪ್ಪುನೀರಿನ ಡ್ರಾಪ್ಸ್, ಹಬೆ ಸಾಕು.

ಪ್ರಶ್ನೆ (ಹೆಸರು ಬೇಡ): ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕೋ ಅಭ್ಯಾಸ ಇದೆ. ಮನೆಯವರು ಗಾಂಜಾ ಸೇದ್ತಾರೆ, ನಾನೂ ಆಗೊಮ್ಮೆ ಈಗೊಮ್ಮೆ. ಹಾಲು ನಿಲ್ಲಿಸಿಬಿಡಲಾ?

ಉತ್ತರ: ಕೇಳಿದ್ದು ತುಂಬಾ ಒಳ್ಳೆಯದಾಯಿತು. ಎರಡಕ್ಕೂ ಉತ್ತರ ಬೇರೆ ಬೇರೆ.

ಕಡ್ಡಿಪುಡಿಯಲ್ಲೂ ಸಿಗರೇಟಿನಂತೆ ನಿಕೋಟಿನ್ ಇರುತ್ತೆ. ಹಾಲಿನಲ್ಲಿ ಅದು ರಕ್ತಕ್ಕಿಂತ ಹೆಚ್ಚು ಸೇರುತ್ತೆ, ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿಯುತ್ತೆ. ಇದಕ್ಕೆ ಹಾಲು ನಿಲ್ಲಿಸಬೇಡಿ. ಬಿಡೋವರೆಗೆ, ಮಗುವಿಗೆ ಕುಡಿಸಿದ ಮೇಲೆ ಹಾಕಿ, ಮುಂದಿನ ಹಾಲಿಗೆ ಎರಡು ಮೂರು ಗಂಟೆ ಅಂತರ ಇಡಿ, ಬಾಯಿ ಮುಕ್ಕಳಿಸಿ ಕೈ ತೊಳೆಯಿರಿ. ಬಿಡೋಕೆ 2 ಎಂ.ಜಿ. ನಿಕೋಟಿನ್ ಗಮ್ ಬಳಸುವುದು ಹೊಗೆಸೊಪ್ಪಿಗಿಂತ ಎಷ್ಟೋ ಮೇಲು.

ಗಾಂಜಾಗೆ ಗಡಿಯಾರದ ಲೆಕ್ಕ ನಡೆಯಲ್ಲ. ಅದರ ಅಂಶ ಕೊಬ್ಬಿನಲ್ಲಿ ಕೂತುಬಿಡುತ್ತೆ, ಹಾಲಿನಲ್ಲಿ ದಿನಗಟ್ಟಲೆ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಸಿಗುತ್ತೆ. ಹಾಗಾಗಿ ಪೂರ್ತಿ ಬಿಡೋದೇ ದಾರಿ. ಮನೆಯವರು ಮಗು ಇರೋ ಕೋಣೆಯಲ್ಲಿ ಸೇದಬಾರದು. ಪಾರ್ಟಿಗಳಲ್ಲಿ ಸಿಗುವ ಎಂಡಿಎಂಎ ಥರದ ಮಾದಕ ವಸ್ತು ತಗೊಂಡಿದ್ದರೆ ಎದೆಹಾಲು ತಕ್ಷಣ ನಿಲ್ಲಿಸಿ, ಹಿಂಡಿ ಚೆಲ್ಲಿ, ಯಾವಾಗ ಮತ್ತೆ ಕೊಡಬಹುದು ಅಂತ ಡಾಕ್ಟರ್ ಹತ್ತಿರವೇ ಕೇಳಿ. ಅದರೊಳಗೆ ಏನು ಬೆರೆತಿರುತ್ತೆ ಅಂತ ಮಾರಿದವನಿಗೂ ಗೊತ್ತಿರಲ್ಲ.

ಪ್ರಶ್ನೆ (ಅದೇ ಸದಸ್ಯೆ): ನಮ್ಮಕ್ಕ ದಿನಾ ಕುಡೀತಾಳೆ, ಎರಡು ತಿಂಗಳ ಮಗು ಇದೆ. ಊಟದಲ್ಲಿ ಗೊತ್ತಾಗದ ಹಾಗೆ ಕುಡಿತ ಬಿಡಿಸೋ ಮಾತ್ರೆ ಹಾಕಬಹುದಾ?

ಉತ್ತರ: ದಯವಿಟ್ಟು ಹಾಕಬೇಡಿ. ಅವು ಹೆಚ್ಚಾಗಿ ಡೈಸಲ್ಫಿರಾಮ್. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಹಾಲೂಡಿಸುವವರಿಗೆ ಅದು ಕೊಡುವಂಥದ್ದೂ ಅಲ್ಲ. ನಾಳೆಯಿಂದಲೇ ಒಮ್ಮೆಗೇ ನಿಲ್ಲಿಸು ಅಂತಲೂ ಒತ್ತಾಯ ಮಾಡಬೇಡಿ. ದಿನಾ ಕುಡಿಯುವವರು ತಟ್ಟನೆ ಬಿಟ್ಟರೆ ಮೊದಲ ಎರಡು ದಿನದಲ್ಲಿ ಕೈ ನಡುಕ, ಬೆವರು, ಫಿಟ್ಸ್ ಬರಬಹುದು. ಸದ್ಯಕ್ಕೆ ಮಗುವಿಗೆ ಫಾರ್ಮುಲಾ ಹಾಲು ಕೊಡಿ, ರಾತ್ರಿ ಮಗು ನಿಮ್ಮ ಹತ್ತಿರ ಮಲಗಲಿ. ಅಕ್ಕನನ್ನು ಹೊಸೂರು ರಸ್ತೆಯ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ. ದಿನಕ್ಕೆ ಎಷ್ಟು ಎಂ.ಎಲ್., ಕೊನೆಯದಾಗಿ ಕುಡಿದದ್ದು ಎಷ್ಟು ಗಂಟೆಗೆ, ಮೊದಲು ಫಿಟ್ಸ್ ಬಂದಿತ್ತಾ ಅನ್ನೋದನ್ನು ಚೀಟಿಯಲ್ಲಿ ಬರೆದುಕೊಂಡಿರಿ. ಹೆರಿಗೆ ನಂತರದ ಮಾನಸಿಕ ತೊಂದರೆಗೆ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡುವ ವಾರ್ಡೂ ಅಲ್ಲಿದೆ, ಮಂಕಾಗಿದ್ದರೆ, ಅಳ್ತಿದ್ದರೆ ಅದನ್ನೂ ಹೇಳಿ. ಹೊರಡೋ ಮುಂಚೆ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿಯೂ ಎತ್ತುತ್ತಾರೆ.