ಸಹಾಯ ಬೇಕು: ಕಾಲ್ ಎಕ್ಸಿಕ್ಯೂಟ್‌ನಿಂದ ಕರೆದರೆ ಮ್ಯಾಕ್ರೋ ವೇರಿಯಬಲ್ ಕೈಕೊಡುತ್ತಿದೆ

ಸ್ಯಾಸ್ (ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್) ಬಳಸುವವರು ಯಾರಾದರೂ ಇದನ್ನು ಸ್ವಲ್ಪ ನೋಡುತ್ತೀರಾ? ಒಂದು ಮ್ಯಾಕ್ರೋ (ಹೆಸರಿಟ್ಟು ಬೇಕಾದಾಗ ಕರೆಯುವ, ಸ್ಯಾಸ್ ಕೋಡ್ ಹುಟ್ಟಿಸುವ ತುಣುಕು) ಇದೆ. ಅದರೊಳಗಿನ ಡೇಟಾ ಸ್ಟೆಪ್ (ಡೇಟಾ ಓದಿ ಸಂಸ್ಕರಿಸುವ ಕೋಡ್) ಡೇಟಾಸೆಟ್‌ನ ಸಾಲುಗಳನ್ನು ಎಣಿಸಿ, ಕಾಲ್ ಸಿಂಪುಟ್‌ಎಕ್ಸ್ ಮೂಲಕ ಲೆಕ್ಕವನ್ನು 'ಎನ್‌ರೋ' ಎಂಬ ಮ್ಯಾಕ್ರೋ ವೇರಿಯಬಲ್‌ಗೆ ಹಾಕುತ್ತದೆ. ಆಮೇಲೊಂದು ಪರ್ಸೆಂಟ್ ಇಫ್: ಎನ್‌ರೋ ಸೊನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ ರಿಪೋರ್ಟ್.

ಒಂದೊಂದಾಗಿ ಕರೆದರೆ ಏನೂ ತೊಂದರೆ ಇಲ್ಲ. ಡೇಟಾಸೆಟ್‌ಗಳ ಪಟ್ಟಿ ಓದಿ ಕಾಲ್ ಎಕ್ಸಿಕ್ಯೂಟ್‌ನಿಂದ (ಡೇಟಾ ಸ್ಟೆಪ್ ಒಳಗಿಂದ ಬೇರೆ ಕೋಡ್ ಓಡಿಸುವ ಕಮಾಂಡ್) ಕರೆದಾಗಲೇ ಕಿರಿಕಿರಿ. ಹೊಸ ಸೆಷನ್‌ನಲ್ಲಿ 'ಅಪೇರೆಂಟ್ ಸಿಂಬಾಲಿಕ್ ರೆಫರೆನ್ಸ್ ನಾಟ್ ರಿಸಾಲ್ವ್ಡ್' (ಅಂದರೆ ಎನ್‌ರೋಗೆ ಬೆಲೆ ಸಿಕ್ಕಿಲ್ಲ) ಎಂಬ ವಾರ್ನಿಂಗ್, ಬೆನ್ನಿಗೇ ಷರತ್ತನ್ನು ಲೆಕ್ಕ ಹಾಕಲಾಗದೆ ಇವ್ಯಾಲ್ ಎರರ್. ಹಳೇ ಸೆಷನ್‌ನಲ್ಲಿ ಇನ್ನೂ ಮೋಸ: ಎರರ್ ಬರುವುದೇ ಇಲ್ಲ, ಎಲ್ಲ ಡೇಟಾಸೆಟ್‌ಗೂ ಹಿಂದಿನ ಸಲದ ಲೆಕ್ಕವೇ!

ಮ್ಯಾಕ್ರೋದ ನಡೆಯನ್ನು ತೋರಿಸುವ ಸಿಂಬಲ್‌ಜೆನ್, ಎಂಪ್ರಿಂಟ್, ಎಂಲಾಜಿಕ್ ಆಯ್ಕೆಗಳನ್ನು ಹಾಕಿ ಲಾಗ್ ನೋಡಿದೆ. ಪರ್ಸೆಂಟ್ ಇಫ್ ಮೊದಲೇ ಮುಗಿದುಹೋಗಿ, ಡೇಟಾ ಸ್ಟೆಪ್‌ಗಳು ಆಮೇಲೆ ಸಾಲಾಗಿ ಓಡುತ್ತಿವೆ. ಇದು ಸ್ಕೋಪ್‌ನ (ವೇರಿಯಬಲ್ ಎಲ್ಲೆಲ್ಲಿ ಕಾಣುತ್ತದೆ ಎಂಬ) ಸಮಸ್ಯೆ ಅಲ್ಲ, ಟೈಮಿಂಗ್‌ನದು ಅನಿಸುತ್ತದೆ. ಗ್ಲೋಬಲ್ ಆಗಲೆಂದು ಸಿಂಪುಟ್‌ಎಕ್ಸ್‌ಗೆ ಮೂರನೆಯದಾಗಿ 'ಜಿ' ಕೊಟ್ಟೇ ಇದ್ದೇನೆ.

ಮ್ಯಾಕ್ರೋ ಹೆಸರನ್ನು ಎನ್‌ಆರ್‌ಎಸ್‌ಟಿಆರ್ (ಮ್ಯಾಕ್ರೋ ಕರೆ ತಕ್ಷಣ ಓಡದಂತೆ ಮುಚ್ಚಿಡುವ ಫಂಕ್ಷನ್) ಒಳಗೆ ಇಟ್ಟರೆ ಕರೆ ಮುಂದಕ್ಕೆ ಹೋಗುತ್ತದೆ, ಅಲ್ವಾ? ಪ್ಯಾರಾಮೀಟರ್‌ಗಳನ್ನೂ ಒಳಗೇ ಇಡಬೇಕಾ? ಇಲ್ಲ, ಡುಸಬ್‌ಎಲ್ (ಕೊಟ್ಟ ಕೋಡನ್ನು ಆಗಲೇ ಓಡಿಸಿ ಮುಗಿಸುವ ಫಂಕ್ಷನ್) ಬಳಸುವುದೇ ಮೇಲಾ? ನೂರಾರು ಡೇಟಾಸೆಟ್ ಇವೆ, ಅದು ನಿಧಾನ ಆಗಬಹುದು ಎಂಬ ಅನುಮಾನ. ಮಾಡಿ ನೋಡಿದವರು ದಯವಿಟ್ಟು ಹೇಳಿ.