ಪುಟ್ಟಿ, ಓಡಿದ ಮೇಲೆ ಗಕ್ಕನೆ ನಿಲ್ಲಬೇಡ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕೆಲಸ ಮುಗಿಸಿ ನಿಧಾನವಾಗಿ ಹೇಳೋಣ ಅಂತ ಸುಮ್ಮನಿದ್ದೆ. ಅಷ್ಟರಲ್ಲಿ ನಮ್ಮ ಮನೆಯವರ ಗ್ರೂಪಿನಲ್ಲಿ ದೊಡ್ಡಮ್ಮ "ಓಡೋದೇ ಬೇಡ, ಅಪ್ಪುಗೆ ಏನಾಯ್ತು ನೋಡಲಿಲ್ವಾ" ಅಂದರು. ನಿಮ್ಮಣ್ಣ "ಇನ್ನೂ ಜೋರಾಗಿ ಓಡು, ಅಭ್ಯಾಸ ಆಗುತ್ತೆ" ಅಂದ. ಸದ್ಯಕ್ಕೆ ಎರಡನ್ನೂ ಪಕ್ಕಕ್ಕಿಡು.

ನೀನು ಬರೆದಿದ್ದು ಇಷ್ಟು ತಾನೇ? ಲಾಲ್‌ಬಾಗಿನಲ್ಲಿ ಓಡುವಾಗ ಏನೂ ಆಗಲಿಲ್ಲ. ನಿಂತು, ಬೆಂಚಿನ ಮೇಲೆ ಕೂತ ಮೇಲೆ ತಲೆ ಸುತ್ತಿತು, ಹೊಟ್ಟೆ ತೊಳಸಿತು, ಕಣ್ಣು ಮಂಜಾಯಿತು. ಮಧ್ಯಾಹ್ನದವರೆಗೂ ತಲೆನೋವು. ಇದರಲ್ಲಿ ಆ "ನಿಂತ ಮೇಲೆ" ಅನ್ನೋದು ಮುಖ್ಯ. ಓಡುತ್ತಿರುವಾಗಲೇ ಆಗಿದ್ದರೆ ನಾನು ಇಷ್ಟು ಆರಾಮಾಗಿ ಮಾತಾಡುತ್ತಿರಲಿಲ್ಲ.

ಓಡುವಾಗ ಕಾಲಿನ ರಕ್ತನಾಳಗಳು ಅಗಲ ಆಗಿರುತ್ತವೆ, ರಕ್ತ ಅಲ್ಲಿಗೆ ಜಾಸ್ತಿ ಇಳಿದಿರುತ್ತದೆ. ಅದನ್ನು ವಾಪಸ್ ಮೇಲಕ್ಕೆ ಕಳಿಸೋದರಲ್ಲಿ ಮೀನಖಂಡದ್ದು ದೊಡ್ಡ ಪಾತ್ರ. ಹೆಜ್ಜೆ ಇಟ್ಟಾಗಲೆಲ್ಲ ಅದು ಹಿಂಡಿ ಹಿಂಡಿ ತಳ್ಳುತ್ತದೆ, ನಮ್ಮೂರಿನ ಕೈಪಂಪಿನ ಹಾಗೆ. ನೀನು ಗಕ್ಕನೆ ನಿಂತರೆ ಪಂಪು ಬಂದ್. ರಕ್ತ ಕಾಲಲ್ಲೇ ಉಳಿಯುತ್ತದೆ, ಬಿಪಿ ಇಳಿಯುತ್ತದೆ, ತಲೆ ಗಿರ್ರ್ ಅನ್ನುತ್ತದೆ. ಅದಕ್ಕೇ ಓಟ ಮುಗಿದ ಮೇಲೆ ಐದರಿಂದ ಹತ್ತು ನಿಮಿಷ ನಡಿ. ಮೊದಲು ಬಿರುಸಾಗಿ, ಆಮೇಲೆ ನಿಧಾನವಾಗಿ. ಆದರೂ ತಲೆ ಸುತ್ತಿದರೆ ಮರ್ಯಾದೆ ನೋಡಬೇಡ. ಅಲ್ಲೇ ಹುಲ್ಲಿನ ಮೇಲೆ ಮಲಗಿ ಕಾಲು ಬೆಂಚಿನ ಮೇಲಿಡು. ಬೀಳೋದಕ್ಕಿಂತ ಅದೇ ವಾಸಿ.

ಹೊಟ್ಟೆ ತೊಳಸೋದಕ್ಕೆ ಕಾರಣ ಬೇರೆ. ಜೋರಾಗಿ ಓಡುವಾಗ ದೇಹ ಹೊಟ್ಟೆ ಕಡೆಯ ರಕ್ತವನ್ನು ಕಡಿಮೆ ಮಾಡಿ ಕಾಲಿಗೂ ಚರ್ಮಕ್ಕೂ ಕಳಿಸುತ್ತದೆ. ಆಗ ಹೊಟ್ಟೆಯಲ್ಲಿ ಏನಿದ್ದರೂ ಕಷ್ಟ. ಪೂರ್ತಿ ಖಾಲಿ ಇದ್ದರೂ ಕೆಲವರಿಗೆ ಕಷ್ಟ. ನೀನು ಬರೀ ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿದು ಹೋಗಿದ್ದೀಯ, ನಿಮ್ಮಮ್ಮ ಹೇಳಿದಳು. ಅರ್ಧ ಮುಕ್ಕಾಲು ಗಂಟೆ ಮುಂಚೆ ಒಂದು ಏಲಕ್ಕಿ ಬಾಳೆಹಣ್ಣು ತಿನ್ನು, ಸಾಕು. ಹೊಟ್ಟೆ ತುಂಬ ತಿಂದಿದ್ದರೆ ಎರಡು ಮೂರು ಗಂಟೆ ಬಿಟ್ಟು ಓಡು. ಪಕ್ಕದಲ್ಲೇ ಎಂಟಿಆರ್ ಇದೆ ಅಂತ ಗೊತ್ತು, ಮಸಾಲೆ ದೋಸೆಗೆ ತೊಳಸೋದು ನಿಂತ ಮೇಲೆ ಹೋಗು!

ನೀರಿನ ವಿಷಯ. ಅತ್ತೆ ಎರಡು ಲೀಟರ್ ಕುಡಿದು ಹೊರಡು ಅಂದಿದ್ದಾರೆ. ಅತ್ತೆ, ಬೇಜಾರಾಗಬೇಡಿ, ಅದು ಬೇಡ. ಒಂದೇ ಸಲಕ್ಕೆ ಅಷ್ಟು ಕುಡಿದರೆ ರಕ್ತದಲ್ಲಿರುವ ಸೋಡಿಯಂ ತೆಳುವಾಗುತ್ತದೆ, ಅದರಿಂದಲೂ ತಲೆನೋವು, ವಾಕರಿಕೆ ಬರಬಹುದು. ಬಾಯಾರಿದಷ್ಟು ಕುಡಿದರೆ ಆಯಿತು. ತುಂಬಾ ಬೆವರಿದ ದಿನ ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದು.

ಇನ್ನು ವೇಗ. ನನಗೆ ಅನ್ನಿಸೋ ಪ್ರಕಾರ ನಿನ್ನ ಅರ್ಧ ಕಷ್ಟ ಇಲ್ಲೇ ಇದೆ. ಆ ವಾಚಿನಲ್ಲಿ ಬರುವ ನಂಬರ್ ನೋಡಿಕೊಂಡು ಓಡುತ್ತೀಯ, ಅಲ್ವಾ? ವಾಚು ಮನೆಯಲ್ಲಿಡು. ಪಕ್ಕದವರ ಜೊತೆ ಒಂದು ವಾಕ್ಯ ಪೂರ್ತಿ ಆಡಲು ಆಗಬೇಕು, ಅದೇ ನಿನ್ನ ವೇಗ. ಆಗದಿದ್ದರೆ ನಡಿ. ಹೊಸಬರಿಗೆ ಅಂತಲೇ "ಕೌಚ್ ಟು ಫೈವ್ ಕೆ" (ಸೋಫಾದಿಂದ ಎದ್ದು ಐದು ಕಿಲೋಮೀಟರ್ ಓಟದವರೆಗೆ) ಅನ್ನೋ ಕ್ರಮ ಇದೆ, 9 ವಾರದ್ದು. ಮೊದಲ ವಾರ ಐದು ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ವಾರಕ್ಕೆ ಮೂರೇ ದಿನ. ಕೇಳೋಕೆ ನಾಚಿಕೆ ಆಗುವಷ್ಟು ಸುಲಭ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮೊದಲ ವಾರವೇ ಹುಚ್ಚೆದ್ದು ಓಡಿದವರು ಎರಡನೇ ವಾರ ಕಾಣಿಸೋದೇ ಇಲ್ಲ!

ಓಡಿದ ಮೇಲೆ ತೊಡೆ ನೋವು ಬಂದರೆ ಹೆದರಬೇಡ. ಅದು ಮಾರನೇ ದಿನ, ಅದರ ಮಾರನೇ ದಿನ ಜಾಸ್ತಿ ಆಗಿ ತಾನೇ ಇಳಿಯುತ್ತದೆ. ಆದರೆ ಮುಟ್ಟಲಾರದಷ್ಟು ನೋವು, ಊತ ಬಂದು ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈಗ ದೊಡ್ಡಮ್ಮ ಹೇಳಿದ್ದು. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದ ಮೇಲೆ ನಮ್ಮ ಕಡೆ ಜಿಮ್ಮು, ಓಟ ಅಂದರೆ ಮನೆಯವರಿಗೆ ಎದೆ ಝಲ್ಲೆನ್ನುತ್ತದೆ. ಆಗ ಜಯದೇವ ಆಸ್ಪತ್ರೆಗೆ ತಪಾಸಣೆ ಅಂತ ಜನ ಮುಗಿಬಿದ್ದಿದ್ದರು. ಆ ಹೆದರಿಕೆ ತಪ್ಪಲ್ಲ ದೊಡ್ಡಮ್ಮ. ಓಡುವಾಗಲೇ ಎದೆ ಬಿಗಿದರೆ, ನೋವು ದವಡೆಗೋ ತೋಳಿಗೋ ಹರಿದರೆ, ಓಡುತ್ತಾ ಓಡುತ್ತಾ ಪ್ರಜ್ಞೆ ತಪ್ಪಿದರೆ, ಕೂತು ಎಷ್ಟು ಹೊತ್ತಾದರೂ ಏದುಸಿರು ನಿಲ್ಲದಿದ್ದರೆ ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕುಡಿಯುತ್ತಾ ಕೂರಬಾರದು. 108ಕ್ಕೆ ಫೋನ್ ಮಾಡಬೇಕು. ಊರಲ್ಲಿರುವವರಿಗೂ ಹೇಳುತ್ತೇನೆ, ಈಗ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ಮಾಡುತ್ತಾರೆ. ನಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ತೊಂದರೆ ಆದವರಿದ್ದರೆ ಹಿರಿಯರು ಈಗಲೇ ಬಾಯಿಬಿಟ್ಟು ಹೇಳಿ.

ಪುಟ್ಟಿ, ಇದೆಲ್ಲ ಸರಿಮಾಡಿಕೊಂಡ ಮೇಲೂ ಸುಸ್ತು, ತಲೆಸುತ್ತು ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸು. ಸಿಬಿಸಿ (ರಕ್ತಕಣಗಳ ಎಣಿಕೆ) ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶದ ಅಳತೆ) ಕೂಡ ಕೇಳು. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ರಕ್ತ ಕಡಿಮೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಓಟದ ಮೇಲೆ ತಪ್ಪು ಹೊರಿಸಿ ಪ್ರಯೋಜನ ಇಲ್ಲ. ಊಟದ ಜೊತೆಜೊತೆಗೇ ಕಾಫಿ ಕುಡಿಯೋದನ್ನೂ ಬಿಡು, ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತೋದಿಲ್ಲ. ತಿಂಗಳ ದಿನಗಳಲ್ಲಿ ಜಾಸ್ತಿ ಹೋಗುತ್ತಾ ಅನ್ನೋದನ್ನ ಇಲ್ಲಿ ಬೇಡ, ಸಂಜೆ ಫೋನಿನಲ್ಲಿ ಹೇಳು. ರಿಪೋರ್ಟ್ ಬಂದರೂ ನನಗೆ ಬೇರೆಯಾಗಿ ಕಳಿಸು. ಗ್ರೂಪಿಗೆ ಹಾಕಿದರೆ ಬೀಟ್‌ರೂಟ್ ರಸದಿಂದ ಹಿಡಿದು ಬೆಲ್ಲದವರೆಗೆ ನೂರು ಔಷಧಿ ಬರುತ್ತದೆ!